ಹರದೇಶಿ ಹನುಮಪ್ಪನ ಸೋಲು

"ಒಳಗ ಬರ್ರಿ ಅಜ್ಜಾ. ಇವತ್ತರ ಬರ್ರಿ."

ಮಂಜುಳಾ ಮತ್ತೆ ಕರೆದಳು. ಹನುಮಪ್ಪ ಮೆಟ್ಟಿಲು ಬಿಟ್ಟು ಏಳಲಿಲ್ಲ.

"ಇಲ್ಲೇ ಗಾಳಿ ಚೊಲೊ ಐತ್ರಿ ಅಕ್ಕಾರ," ಎಂದು ಮನೆಯಿಂದ ತಂದಿದ್ದ ಹಿತ್ತಾಳೆ ಲೋಟ ಚಾಚಿದ. ಆಕೆ ಚಹಾ ಸುರಿದಳು.

ರಸ್ತೆ ಅಗಲ ಮಾಡುವವರು ನಾಳೆ ಬರುತ್ತಾರೆ. ಮುನವಳ್ಳಿಯ ಈ ಹಾಡುಗಾರರ ಹೋಟೆಲು ಸಂಜೆಯೊಳಗೆ ಕಲ್ಲುಮಣ್ಣಿನ ಗುಡ್ಡೆ. ಹಾಡುವವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಕೇಳುವವರು ಅದಕ್ಕೂ ಮೊದಲೇ ಬರುವುದು ಬಿಟ್ಟಿದ್ದರು. ಮಂಜುಳಾಗೆ ಒಂದೇ ಆಸೆ ಉಳಿದಿತ್ತು: ಗೋಡೆ ಬೀಳುವ ಮುನ್ನ ಹನುಮಪ್ಪ ಒಮ್ಮೆಯಾದರೂ ಒಳಗೆ ಕೂತು ಚಹಾ ಕುಡಿಯಬೇಕು.

ಆತ ಹೊರಗೇ ಕೂರುವುದೇಕೆಂದು ಹೋಟೆಲು ಇಟ್ಟಿದ್ದ ಆಕೆಯ ಅಪ್ಪ ರಾಯಪ್ಪ ಬದುಕಿರುವವರೆಗೂ ಗಿರಾಕಿಗಳಿಗೆ ಹೇಳುತ್ತಿದ್ದ. ಹೋಟೆಲು ಸುರುವಾದ ದಿನ ಎದುರಿನ ಬಯಲಲ್ಲಿ ಗೀಗೀ ಪದದ ಜಿದ್ದು. ಗಂಡು ಹೆಚ್ಚೆನ್ನುವ ಹರದೇಶಿ ಹನುಮಪ್ಪ. ಹೆಣ್ಣು ಹೆಚ್ಚೆನ್ನುವ ನಾಗೇಶಿ ಸುರೇಬಾನದ ಕರೆವ್ವ. ಗೆದ್ದವರಿಗೆ ಒಳಗೆ ಮೊದಲ ಚಹಾ, ಸೋತವರು ಹೊಸ್ತಿಲು ತುಳಿಯುವಂತಿಲ್ಲ. ಕೊನೆಗೆ ಕರೆವ್ವ ಹಾಕಿದ ಸವಾಲಿಗೆ ಹನುಮಪ್ಪ ಉತ್ತರ ಹಾಡಲಿಲ್ಲ.

"ಇರ್ಲಿ ಬಾರೋ ಅಂದೆ. ಕೇಳಲಿಲ್ಲ. ಮಾತಿನ ಮನಷ್ಯಾ," ಎನ್ನುತ್ತಿದ್ದ ಅಪ್ಪ.

ಆಮೇಲೂ ಹನುಮಪ್ಪ ಮೆಟ್ಟಿಲ ಮೇಲೆ ಕೂತೇ ಹಾಡಿದ, ಒಳಗಿನವರು ತಲೆದೂಗಿದರು. ಗೋಡೆಯ ತುಂಬ ಹಾಡುಗಾರರ ಫೋಟೊ, ಅವನದೊಂದಿಲ್ಲ. ಸೋತವನ ಫೋಟೊ ತೂಗುಹಾಕಿ ನೋಯಿಸಬಾರದು ಎಂದಿದ್ದ ಅಪ್ಪ. ಅಪ್ಪನ ಆ ಮೃದುತನ ಮಂಜುಳಾಗೆ ಹೆಮ್ಮೆಯಾಗಿತ್ತು.

ಗೆದ್ದವಳೇ ಬಾಯಿಬಿಟ್ಟು ಮಾಫ್ ಎಂದರೆ ಆ ಪಂದ್ಯದ ಮಾತು ತೀರುತ್ತದಲ್ಲ? ಅದಕ್ಕೇ ಬೆಳಿಗ್ಗೆ ಸುರೇಬಾನಕ್ಕೆ ಹೋಗಿ ಕರೆವ್ವನನ್ನು ಬಸ್ಸಿನಲ್ಲಿ ಕರೆತಂದಿದ್ದಳು. ದಾರಿಯುದ್ದಕ್ಕೂ ಮುದುಕಿ ಕಿಟಕಿಯ ಆಚೆ ನೋಡುತ್ತಿದ್ದಳು.

"ಆಯಿ, ಅವತ್ತ ಏನ್ ಸವಾಲ್ ಹಾಕಿದ್ರಿ?"

"ಅದನ್ನ ಕೆದರಬ್ಯಾಡವಾ."

ಈಗ ಒಳಗೆ ತನ್ನದೇ ಫೋಟೊದ ಕೆಳಗೆ ಕೂತಿದ್ದ ಕರೆವ್ವ ಎದ್ದು, ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಬಂದಳು.

"ಇನ್ನೂ ಸತ್ತಿಲ್ಲೇನೋ ಹರದೇಶಿ?"

"ನಿನ್ನ ಮಣ್ಣಿಗೆ ಪದ ಹಾಡೂದೈತಲ್ಲ. ಅದಕ್ಕ ಉಳದೇನಿ."

ಮಂಜುಳಾ ನಕ್ಕಳು. ಕರೆವ್ವ ನಗಲಿಲ್ಲ.

"ಹೇಳ್ರಿ ಆಯಿ. ಸೋಲು ಮಾಫ್ ಅಂತ ಹೇಳ್ರಿ, ಅಜ್ಜ ಒಳಗ ಬರ್ತಾರ."

ಕರೆವ್ವ ಮುಖ ತಿರುಗಿಸಿದಳು.

"ಬಿಡ್ರಿ ಅಕ್ಕಾರ," ಎಂದ ಹನುಮಪ್ಪ. "ಅದು ಆಕಿ ಹೇಳೂ ಮಾತಲ್ಲ."

"ಮತ್ಯಾರು ಹೇಳಬೇಕ್ರಿ?"

"ಹೇಳಾವ್ರು ಹೋಗಿಬಿಟ್ರು."

ಚಹಾ ಮುಗಿಸಿ, ಲೋಟ ತಾನೇ ತೊಳೆದುಕೊಂಡು, ಕೋಲು ಊರಿ ಎದ್ದ. ಮಂಜುಳಾ ಕೆಳಗಿಳಿದು ಅವನ ಕೈ ಹಿಡಿದಳು.

"ಸೋತದ್ದು ಅಷ್ಟ ದೊಡ್ಡದೇನ್ರಿ ಅಜ್ಜಾ? ಇನ್ನೇನು, ಹೋಟೆಲ್ಲೇ ಉಳಿಯೂದಿಲ್ಲ."

ಹನುಮಪ್ಪ ಆಕೆಯ ಮುಖ ನೋಡಿದ. ಮೆಲ್ಲಗೆ ಕೈ ಬಿಡಿಸಿಕೊಂಡು, ಹಿಂತಿರುಗದೆ ರಸ್ತೆ ದಾಟಿ ಹೋದ.

"ಎಂಥಾ ಛಲ ಇದು," ಎಂದಳು ಮಂಜುಳಾ. ಆಕೆಯ ಕಣ್ಣು ತುಂಬಿದ್ದವು.

ಕರೆವ್ವ ಹೊಸ್ತಿಲಲ್ಲೇ ಕುಸಿದು ಕೂತಳು.

"ಅವತ್ತ ಸೋತಾಕಿ ನಾನವಾ. ಗೆದ್ದಾಂವ ಒಳಗ ಕಾಲಿಡಾಕ ಬಂದ್ರ, 'ಕೇರಿ ಮಂದಿ ಹೊರಗ' ಅಂತ ಬಾಗಲಾಗ ಕೈ ಅಡ್ಡ ಹಿಡದಾಂವ ನಿಮ್ಮಪ್ಪ."