ಮಾತಾಡದ ಗಿಳಿ

ಗುರುಪಾದಪ್ಪನವರು ಹುಬ್ಬಳ್ಳಿಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಹರಾಜು ಕೂಗುವವರು. ಸುಮ್ಮನೆ ಕೂರುವುದು ಅವರ ಜಾಯಮಾನದಲ್ಲೇ ಇರಲಿಲ್ಲ...

ಹೆಂಡತಿ ನೀಲಗಂಗಾ ಅವರಿಗೆ ಸ್ಟ್ರೋಕ್ ಆಗಿ ಮಾತು ನಿಂತ ಮೇಲಂತೂ ಮನೆಯ ಮೌನ ಗುರುಪಾದಪ್ಪನವರನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ.

"ನೀರು ಅನ್ನು... ಒಮ್ಮೆ ಅನ್ನು ನೋಡೂಣು," ಎಂದು ಬೆಳಗಾದರೆ ಬೆನ್ನು ಹತ್ತುತ್ತಿದ್ದರು. ಆಕೆ ಮುಖ ತಿರುಗಿಸುತ್ತಿದ್ದರು.

ಮನೆಯಲ್ಲಿ ಇನ್ನೊಂದು ದನಿಯಾದರೂ ಇರಲಿ ಎಂದು ಪೆಟ್ ಶಾಪಿಗೆ ಹೋದರು. ಗುಲಾಬಿ ಎದೆಯ, ವಿದೇಶಿ ತಳಿಯ ಒಂದು ಪುಟ್ಟ ಗಿಳಿ ಕಣ್ಣಿಗೆ ಬಿತ್ತು.

"ಇದು ಮಾತಾಡಂಗಿಲ್ರೀ ಸರ್. ಭಾಳ ಸೈಲೆಂಟ್ ಜಾತಿ," ಎಂದ ಅಂಗಡಿಯವ.

"ನಾ ಕಲಸ್ತೀನಿ ತಗೋ."

ಅಂದಿನಿಂದ ಮನೆಯಲ್ಲಿ ಇಬ್ಬರಿಗೆ ಪಾಠ... ಪಂಜರದ ಮುಂದೆ ನಿಂತು ಒಂದಿಷ್ಟು ಹೊತ್ತು, ಹೆಂಡತಿಯ ಕುರ್ಚಿಯ ಮುಂದೆ ನಿಂತು ಒಂದಿಷ್ಟು ಹೊತ್ತು.

ಗಿಳಿ ಮೂಲೆ ಸೇರಿತು. ಗುರುಪಾದಪ್ಪನವರೆದುರು ಕಾಳನ್ನೂ ಮುಟ್ಟದಾಯಿತು.

ಒಂದು ಸಂಜೆ ಅವರ ತಾಳ್ಮೆ ತಪ್ಪಿತು. "ಇದನ್ನ ವಾಪಸ್ ಕೊಟ್ಟು ಮಾತಾಡೋ ಗಿಳಿ ತರ್ತೀನಿ," ಎನ್ನುತ್ತಾ ಪಂಜರ ಎತ್ತಿದರು.

ನೀಲಗಂಗಾ ತಟ್ಟನೆ ಎಡಗೈ ಚಾಚಿ ಪಂಜರ ಹಿಡಿದುಕೊಂಡರು. ತುಟಿ ನಡುಗಿತು...

"ಬ್ಯಾಡ."

ಗುರುಪಾದಪ್ಪ ನಿಂತಲ್ಲೇ ನಿಂತರು. ಕಾಯಿಲೆ ಬಿದ್ದ ಮೇಲೆ ಆಕೆಯ ಬಾಯಿಂದ ಬಂದ ಮೊದಲ ಮಾತು ಅದು.

'ಇನ್ನೊಮ್ಮೆ ಅನ್ನು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು... ನುಂಗಿಕೊಂಡರು. ಪಂಜರ ಕೆಳಗಿಟ್ಟು, ಆಕೆಯ ಪಕ್ಕದಲ್ಲಿ ಕೂತರು.

ಸ್ವಲ್ಪ ಹೊತ್ತಿಗೆ ಆಕೆ ಬೆರಳ ತುದಿಯಲ್ಲಿ ನಾಲ್ಕು ನವಣೆ ಕಾಳು ಹಿಡಿದರು. ಗಿಳಿ ಮೆಲ್ಲಗೆ ಬಂದು ತಿಂದಿತು. ಸಣ್ಣಗೆ ಸಿಳ್ಳೆ ಹಾಕಿತು. ಗಂಟಲಲ್ಲೇ ಆಕೆಯೂ "ಹ್ಞೂಂ" ಎಂದರು. ಅದು ಮತ್ತೆ ಸಿಳ್ಳೆ ಹಾಕಿತು, ಇವರು ಮತ್ತೆ "ಹ್ಞೂಂ..."

ಇದು ಇವತ್ತು ಶುರುವಾದದ್ದಲ್ಲ ಎಂದು ಗುರುಪಾದಪ್ಪನವರಿಗೆ ಹೊಳೆಯಿತು. ತಾವು ಮಾರ್ಕೆಟ್ಟಿಗೆ ಹೋದಾಗಲೆಲ್ಲ ಇವರಿಬ್ಬರೂ ಹೀಗೆ ಮಾತಾಡಿಕೊಳ್ಳುತ್ತಿದ್ದರು...

ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನೀಲಗಂಗಾ ಗಂಡನ ಮೊಣಕಾಲ ಮೇಲೆ ಕೈಯಿಟ್ಟರು. ದೀಪ ಹಾಕಲು ಯಾರೂ ಏಳಲಿಲ್ಲ.

ನಾವು ಸುಮ್ಮನಾದಾಗಲೇ ನಮ್ಮವರ ದನಿ ನಮಗೆ ಕೇಳಿಸುವುದು.

ನಿಮ್ಮ ಮನೆಯವರ ಪಕ್ಕ ನೀವು ಏನನ್ನೂ ಕೇಳದೆ, ಏನನ್ನೂ ಹೇಳದೆ ಕೂತು ಎಷ್ಟು ಕಾಲವಾಯಿತು...?