ಕ್ಲೀನ್ ರೂಮಿನಲ್ಲಿ ಬಿದ್ದ ಒಂದು ಹನಿ

ತುಮಕೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಉಪಗ್ರಹಗಳಿಗೆ ಹೊದಿಕೆ ಹೊಲಿಯುತ್ತಾರೆ.

ಹೌದು... ಹೊಲಿಯುತ್ತಾರೆ! ಬಾಹ್ಯಾಕಾಶದ ಸುಡುವ ಬಿಸಿಲನ್ನೂ ಕೊರೆಯುವ ಚಳಿಯನ್ನೂ ತಡೆಯುವ, ಬೆಳ್ಳಿಯಂತೆ ಹೊಳೆಯುವ ತೆಳು ಹಾಳೆಗಳ ಹೊದಿಕೆ.

ಸುಮೇಧಾ ಅಲ್ಲಿ ಕ್ವಾಲಿಟಿ ಇಂಜಿನಿಯರ್. ಇಪ್ಪತ್ತೊಂಬತ್ತು ವರ್ಷ. ಕೆಲಸದಲ್ಲಿ ಬಲು ಕಟ್ಟುನಿಟ್ಟು.

ಆ ತಿಂಗಳು ಅವಳಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ದೂರದ ನಕ್ಷತ್ರಗಳನ್ನು ನೋಡಲು ಆಕಾಶಕ್ಕೆ ಹೊರಟಿದ್ದ ಟೆಲಿಸ್ಕೋಪ್ ಒಂದಕ್ಕೆ ಹೊದಿಕೆ ಸಿದ್ಧವಾಗಬೇಕಿತ್ತು. ಉಳಿದಿದ್ದು ಐದೇ ದಿನ...

ಟೆಲಿಸ್ಕೋಪಿನ ಬಾಯಿಯ ಸುತ್ತ ಬರುವ ತುಂಡನ್ನು ಹೊಲಿಯುತ್ತಿದ್ದವರು ಪುಟ್ಟಲಕ್ಷ್ಮಮ್ಮ. ಹಿಂದೆ ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಶರ್ಟಿನ ಕಾಲರ್ ಹೊಲಿದವರು. ಅಂಥ ನಾಜೂಕಿನ ಕೈ ಇಡೀ ಕಾರ್ಖಾನೆಯಲ್ಲಿ ಇನ್ನೊಂದಿರಲಿಲ್ಲ.

ಅವರು ಕೂರುತ್ತಿದ್ದುದು ಕ್ಲೀನ್ ರೂಮಿನಲ್ಲಿ. ಅಲ್ಲಿ ಧೂಳಿನ ಕಣವೂ ಬೀಳುವಂತಿಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಗೌನು, ಮುಖಕ್ಕೆ ಮಾಸ್ಕ್.

ಅವತ್ತು ಮಧ್ಯಾಹ್ನ ಪುಟ್ಟಲಕ್ಷ್ಮಮ್ಮ ತಾವಾಗಿಯೇ ಎದ್ದು ಬಂದು ಸುಮೇಧಾಳ ಮುಂದೆ ನಿಂತರು.

"ಮೇಡಂ... ತಪ್ಪಾಗೋಯ್ತು. ಹಾಳೆ ಮೇಲೆ ಒಂದು ಹನಿ ಬಿತ್ತು."

"ಏನ್ ಹನಿ?"

"ಕಣ್ಣೀರು ಮೇಡಂ..."

ಕಣ್ಣೀರಿನಲ್ಲಿ ಉಪ್ಪಿರುತ್ತದೆ; ಒಣಗಿದ ಉಪ್ಪಿನ ಕಣ ಟೆಲಿಸ್ಕೋಪಿನ ಗಾಜಿಗೆ ಅಂಟಿದರೆ ಚಿತ್ರ ಮಸುಕಾಗುತ್ತದೆ. ಕಲೆಯಾದ ತುಂಡನ್ನು ಟೆಲಿಸ್ಕೋಪಿನ ಪಕ್ಕ ಇಡುವ ಹಾಗೇ ಇಲ್ಲ. ಆರು ದಿನದ ಕೆಲಸ ಒಂದೇ ಕ್ಷಣದಲ್ಲಿ ಹಾಳಾಗಿತ್ತು.

ಸುಮೇಧಾಳ ತಾಳ್ಮೆಯ ಕಟ್ಟೆಯೊಡೆಯಿತು.

"ಮನೆ ತಾಪತ್ರಯ ಎಲ್ಲ ಗೇಟಿನ ಆಚೆ ಬಿಟ್ಟು ಬನ್ನಿ ಅಂತ ಎಷ್ಟು ಸಲ ಹೇಳಿಲ್ಲ? ಅಳೋದಿದ್ರೆ ಮನೇಲೇ ಅತ್ಕೊಂಡು ಬನ್ನಿ!"

ಎಲ್ಲರ ಮುಂದೆ ಹೇಳಿದಳು... ಜೋರಾಗಿಯೇ ಹೇಳಿದಳು.

ಪುಟ್ಟಲಕ್ಷ್ಮಮ್ಮ "ಸರಿ ಮೇಡಂ" ಎಂದಷ್ಟೇ ಹೇಳಿ ಗೌನು ಬಿಚ್ಚಿಟ್ಟು ಹೊರಟುಹೋದರು.

ಮರುದಿನ ಅವರು ಬರಲಿಲ್ಲ. ಫೋನ್ ಸ್ವಿಚ್ ಆಫ್.

ಸುಮೇಧಾ ಪಕ್ಕದ ಮೆಷಿನ್ನಿನ ರಫಿಯಾಳನ್ನು ಕೇಳಿದಳು. "ಪುಟ್ಟಲಕ್ಷ್ಮಮ್ಮ ಎಲ್ಲಿ? ನಿನ್ನೆ ಬೈದಿದ್ದಕ್ಕೆ ಕೋಪಾನಾ?"

"ಇವತ್ತು ಹನ್ನೊಂದನೇ ದಿನದ ಕಾರ್ಯ ಅಲ್ವಾ ಮೇಡಂ..."

"ಯಾರದ್ದು?"

ರಫಿಯಾ ಅವಳ ಮುಖವನ್ನೇ ನೋಡಿದಳು. "ಅವ್ರ ಮಗಳದ್ದು... ಇಂದುಶ್ರೀದು. ರಜಾ ಕೊಟ್ಟಿದ್ದು ನೀವೇ ತಾನೇ ಮೇಡಂ? ರಜಾ ಆ್ಯಪಲ್ಲಿ ಅವ್ರ ಪರವಾಗಿ ನಾನೇ ಬರೆದು ಹಾಕಿದ್ದೆ."

ಸುಮೇಧಾ ಫೋನ್ ತೆಗೆದು ಆ ಅರ್ಜಿ ಹುಡುಕಿದಳು.

"ಮಗಳು ತೀರಿಕೊಂಡಿದ್ದಾಳೆ. ನಾಲ್ಕು ದಿನ, ಮತ್ತೆ ಹನ್ನೊಂದನೇ ದಿನಕ್ಕೆ ಒಂದು ದಿನ ರಜೆ ಬೇಕು."

ಅದರ ಕೆಳಗೆ ಹಸಿರು ಅಕ್ಷರದಲ್ಲಿ... ಅಪ್ರೂವ್ಡ್. ಪಕ್ಕದಲ್ಲಿ ಅವಳದೇ ಹೆಸರು.

ಆ ಅರ್ಜಿ ಬಂದ ದಿನ ಅವಳು ಒಂದೇ ಏಟಿಗೆ ಹದಿನಾಲ್ಕು ರಜೆ ಅರ್ಜಿಗಳಿಗೆ ಒಪ್ಪಿಗೆ ಒತ್ತಿದ್ದಳು. ಒಂದನ್ನೂ ಓದಿರಲಿಲ್ಲ.

ಕ್ಯಾತ್ಸಂದ್ರದಲ್ಲಿದ್ದ ಪುಟ್ಟಲಕ್ಷ್ಮಮ್ಮನವರ ಚಿಕ್ಕ ಬಾಡಿಗೆ ಮನೆಯನ್ನು ಅವಳು ತಲುಪಿದಾಗ ಕಾರ್ಯ ಮುಗಿದಿತ್ತು. ಕುರ್ಚಿಯ ಮೇಲೆ ಹಾರ ಹಾಕಿದ ಫೋಟೋ. ಹತ್ತೊಂಬತ್ತು ವರ್ಷದ ಹುಡುಗಿ. ಬಿಎಸ್ಸಿ ಓದುತ್ತಿದ್ದಳು. ಡೆಂಗಿ ಜ್ವರ ನಾಲ್ಕೇ ದಿನದಲ್ಲಿ ಕೊಂಡೊಯ್ದಿತ್ತು.

"ಅಮ್ಮಾ... ನಂಗೆ ಗೊತ್ತಿರ್ಲಿಲ್ಲ" ಎಂದಳು ಸುಮೇಧಾ. ಆಮೇಲೆ ತಾನೇ ತಲೆಯಾಡಿಸಿದಳು. "ಇಲ್ಲ... ಗೊತ್ತಿರ್ಬೇಕಿತ್ತು. ನಾನು ಓದ್ಲೇ ಇಲ್ಲ."

ಪುಟ್ಟಲಕ್ಷ್ಮಮ್ಮ ಬೈಯಲಿಲ್ಲ. ಎಲೆ ಹಾಕಿದರು.

"ಕೂತ್ಕೊಳಿ ಮೇಡಂ. ಅವಳ ಹೆಸರಲ್ಲಿ ಮಾಡಿರೋ ಅಡುಗೆ. ಹಂಗೇ ಹೋಗ್ಬಾರ್ದು."

ಸುಮೇಧಾ ಕೂತು ಒಂದು ತುತ್ತು ಕಲಸಿದಳು.

"ಐದನೇ ದಿನಕ್ಕೇ ಯಾಕಮ್ಮ ಕೆಲಸಕ್ಕೆ ಬಂದ್ರಿ?"

"ಮನೇಲಿದ್ರೆ ಅವಳ ಚಪ್ಪಲಿ ಸದ್ದು ಕೇಳ್ದಂಗೆ ಆಗುತ್ತೆ ಮೇಡಂ. ಎದ್ದೋಗಿ ಬಾಗಿಲು ತೆಗೀತೀನಿ... ಯಾರೂ ಇರಲ್ಲ."

ಸುಮೇಧಾ ಬಾಗಿಲಿನ ಕಡೆ ನೋಡಿದಳು.

"ಆ ಹನಿ ಬಿದ್ದಿದ್ದನ್ನ ಯಾರೂ ನೋಡಿರ್ಲಿಲ್ಲ. ಸುಮ್ನೆ ಇರ್ಬೋದಿತ್ತಲ್ಲ..."

ಪುಟ್ಟಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಇಲ್ಲಾದ್ರೆ ನಾನಿದ್ದೀನಿ. ಅಷ್ಟು ಮೇಲಕ್ಕೆ ಹೋದ್ಮೇಲೆ ಒರೆಸೋರು ಯಾರು ಮೇಡಂ?"

ಸುಮೇಧಾ ಎಲೆಯ ಮುಂದೆ ಕೂತೇ ಅತ್ತುಬಿಟ್ಟಳು.

ಅವತ್ತೇ ಸಂಜೆ ಅವಳು ಮ್ಯಾನೇಜರ್ ಹತ್ತಿರ ಹೋಗಿ ಇನ್ನೊಂದು ವಾರ ಗಡುವು ಕೇಳಿದಳು. ಬೈಗುಳ ತಿಂದಳು. ಆದರೂ ಗಡುವು ತಗೊಂಡೇ ಬಂದಳು.

ಮೂರು ದಿನ ಬಿಟ್ಟು ಪುಟ್ಟಲಕ್ಷ್ಮಮ್ಮ ಬಂದರು. ಮೊದಲಿನಿಂದ ಹೊಲಿಯತೊಡಗಿದರು. ಸುಮೇಧಾ ಗಂಟೆಗೊಮ್ಮೆ ಅವರನ್ನು ಹೊರಗೆ ಕರೆಯುತ್ತಿದ್ದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾಸ್ಕ್ ತೆಗೆದು ಅವರು ಬೇಕಾದಷ್ಟು ಅಳುತ್ತಿದ್ದರು... ಮುಖ ತೊಳೆದು ಒಳಗೆ ಹೋಗುತ್ತಿದ್ದರು.

ಒಂದು ಹೊಲಿಗೆಯೂ ತಪ್ಪಲಿಲ್ಲ.

ಎಂಟು ತಿಂಗಳ ನಂತರ ಆ ಟೆಲಿಸ್ಕೋಪ್ ಮೊದಲ ಚಿತ್ರ ಕಳಿಸಿತು. ನೀಲಿ, ನೇರಳೆ ಬಣ್ಣದ ಒಂದು ದೊಡ್ಡ ಮೋಡ... ಒಳಗೆ ಸಾವಿರಾರು ನಕ್ಷತ್ರಗಳು. ಕ್ಯಾಂಟೀನಿನ ಟಿವಿ ಮುಂದೆ ಎಲ್ಲರೂ ಚಪ್ಪಾಳೆ ತಟ್ಟಿದರು, ಮೈಸೂರು ಪಾಕ್ ಹಂಚಿದರು.

ಪುಟ್ಟಲಕ್ಷ್ಮಮ್ಮ ಮಾತ್ರ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು.

"ನೋಡಿದ್ರಾ ಅಮ್ಮ?"

"ನೋಡ್ದೆ. ಮೋಡ ಇದ್ದಂಗೆ ಚೆನ್ನಾಗೈತೆ..." ಅವರ ದನಿ ಒಡೆಯಿತು. "ಇಂಥದ್ದೆಲ್ಲ ನಮ್ಮ ಇಂದು ನಂಗೆ ಬಿಡಿಸಿ ಹೇಳೋಳು. ನಾನು ಓದ್ದೋಳಲ್ಲ ನೋಡಿ... ಇದೇನು ಅಂತ ಇನ್ಯಾರನ್ನ ಕೇಳ್ಲಿ?"

ಸುಮೇಧಾ ಪಕ್ಕದಲ್ಲಿ ಕೂತಳು. ಅವರ ಒರಟು ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಅದು ಬರೀ ಮೋಡ ಅಲ್ಲಮ್ಮ... ಅಲ್ಲಿ ಹೊಸ ನಕ್ಷತ್ರಗಳು ಹುಟ್ತಾ ಇವೆ" ಎಂದು ನಿಧಾನವಾಗಿ ಹೇಳತೊಡಗಿದಳು.

*

ಪ್ರತಿ ರಜೆ ಅರ್ಜಿಯ ಹಿಂದೆ ಒಂದು ಮನೆ ಇರುತ್ತದೆ... ಒಪ್ಪಿಗೆ ಒತ್ತುವ ಮುಂಚೆ ಆ ಒಂದು ಸಾಲನ್ನು ಓದೋಣ.

ನಿಮ್ಮ ಜೊತೆ ಕೆಲಸ ಮಾಡುವವರನ್ನು "ಮನೇಲಿ ಎಲ್ಲರೂ ಹೇಗಿದ್ದಾರೆ?" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ...?