ಆರನೇ ಮೊಳೆ

"ನಾನು ದಾಟಲ್ಲ ಮೇಸ್ತ್ರಿ," ಅಂದ ನೆಜೊ, ಕಟ್ಟಿಕೊಂಡಿದ್ದ ಬೂಟಿನ ದಾರವನ್ನು ಮತ್ತೆ ಬಿಚ್ಚುತ್ತಾ. "ಆ ಆಕ್ರೋಟ್ ಮರದ ಬುಡ ನಂಗ್ಯಾಕೋ ಸರಿ ಕಾಣ್ತಿಲ್ಲ."

ಹೊಲದಲ್ಲಿದ್ದ ನೆಲಬಾಂಬುಗಳನ್ನೆಲ್ಲ ತೆಗೆದಾದ ಮೇಲೆ, ತೆಗೆದವರೇ ಕೈಕೈ ಹಿಡಿದು ಹೊಲ ದಾಟಿ ತೋರಿಸಬೇಕು. ಆಮೇಲೆ ಹೊಲದ ನಡುವೆ ಕೂತು ಮನೆಯವರ ಜೊತೆ ಕಾಫಿ. ಒಬ್ಬ ಒಲ್ಲೆನೆಂದರೂ ಹೊಲ ಬಿಟ್ಟುಕೊಡುವಂತಿಲ್ಲ. ಹೊಲದ ಸುತ್ತ ಕಟ್ಟಿದ್ದ ಕೆಂಪು ಪಟ್ಟಿಯ ಆಚೆ ಹೊಲದ ಒಡತಿ ಹಾತಿಜಾ ಅಜ್ಜಿ ಬಟ್ಟಲು ಜೋಡಿಸಿಕೊಂಡು ಕಾಯುತ್ತಿದ್ದಳು. ಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷವೂ ಆಕೆ ತನ್ನ ಮರದ ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಬುಟ್ಟಿ ಹಿಡಿದ ಇಬ್ಬರು ಮೊಮ್ಮಕ್ಕಳು ಆಗಲೇ ಚಡಪಡಿಸುತ್ತಿದ್ದರು.

ಮೇಸ್ತ್ರಿ ಮುನೀಬ್‌ಗೆ ಮೈ ಉರಿಯಿತು. ಮೂವರೂ ಬೋಸ್ನಿಯಾದವರೇ, ಆದರೆ ಮೂರು ಬೇರೆ ಬೇರೆ ಸೈನ್ಯಗಳಲ್ಲಿ ಬಂದೂಕು ಹಿಡಿದವರು. ತಾನು ಮುಸ್ಲಿಂ, ಇನ್ನೊಬ್ಬ ಸ್ಟಿಪೆ ಕ್ರೊಯಾಟ್, ಈ ನೆಜೊ ಸೆರ್ಬ್. ಮುನೀಬ್‌ನ ತಮ್ಮನ ಕಾಲು ಹೋದದ್ದು ನೆಜೊನ ಕಡೆಯವರು ಹೂತ ಬಾಂಬಿನಿಂದ.

"ನಿಂಗೆ ಹೇಗೆ ಗೊತ್ತು? ನೀನೇ ಹೂತಿದ್ದಾ?"

"ನಾನು ಹೂತಿಲ್ಲ. ಹೂಳೋರನ್ನ ನೋಡಿದೀನಿ. ನೆರಳಿದ್ದ ಕಡೆ ಒಂದು ಇಟ್ಟೇ ಇಡ್ತಿದ್ರು. ದಣಿದೋನು ಅಲ್ಲೇ ತಾನೆ ಬಂದು ಕೂರೋದು."

"ಹಾಗಾದ್ರೆ ನಿನ್ನೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ನಿನ್ನೆ ನೀವು ನಾನು ಬಾಂಬು ತೆಗೆದ ಸಾಲನ್ನ ಮೂರನೇ ಸಲ ತಪಾಸಣೆ ಮಾಡಿಸ್ತಿದ್ರಿ. ಸ್ಟಿಪೆದು ಒಂದು ಸಲ. ಆ ಮರ ಬರೋದು ನಿಮ್ಮ ಸಾಲಲ್ಲಿ. ನಾನು ಬಾಯಿ ಬಿಟ್ಟಿದ್ರೆ ಈಗ ಕೇಳಿದ್ದನ್ನೇ ನಿನ್ನೆ ಕೂಡ ಕೇಳಿರ್ತಿದ್ರಿ."

ಮುನೀಬ್ ಸ್ಟಿಪೆಯ ಕಡೆ ತಿರುಗಿದ. "ನೀನು ಹೇಳಪ್ಪ. ಹೊಲ ಸರಿಯಾಗಿದೆ ತಾನೆ?"

"ನೀವೇ ಸಹಿ ಹಾಕಿದೀರಲ್ಲ ಮೇಸ್ತ್ರಿ," ಅಂದ ಸ್ಟಿಪೆ ನೆಲ ನೋಡುತ್ತಾ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಮುನೀಬ್‌ಗೆ ಆ ಉತ್ತರ ಕೇಳಿ ಭಯವಾಯಿತು. ನಾಲ್ಕು ವರ್ಷದಿಂದ ಇವನು ಹೀಗೇ ಉತ್ತರ ಕೊಡುತ್ತಿದ್ದನೇ?

ಮುನೀಬ್ ಹೊಲದ ನಕ್ಷೆಯ ಮೂರು ಪ್ರತಿ ತೆಗೆದು ಹಂಚಿದ. "ಬೆನ್ನು ಮಾಡಿ ನಿಂತ್ಕೊಳ್ಳಿ. ಒಬ್ರದು ಒಬ್ರು ನೋಡಬಾರ್ದು. ಈ ಹೊಲದಲ್ಲಿ ನಿಮ್ಮ ಮಗೂನ ಎಲ್ಲಿ ಕೂರಿಸಲ್ವೋ ಅಲ್ಲೊಂದು ಗುರುತು ಹಾಕಿ. ನಾನೂ ಹಾಕ್ತೀನಿ."

ಮೂರೂ ಹಾಳೆಗಳನ್ನು ಜೀಪಿನ ಮೂತಿಯ ಮೇಲೆ ಹರಡಿದರು. ಮೂರರಲ್ಲೂ ಗುರುತು ಬಿದ್ದದ್ದು ಆಕ್ರೋಟ್ ಮರದ ಬುಡಕ್ಕೇ.

ಮುನೀಬ್ ಜೇಬಿನಿಂದ ತುಕ್ಕು ಹಿಡಿದ ಐದು ಮೊಳೆ ತೆಗೆದು ಪಕ್ಕದಲ್ಲಿಟ್ಟ. ಫಲ ಬಿಡದ ಆಕ್ರೋಟ್ ಮರಕ್ಕೆ ಮೊಳೆ ಹೊಡೆದು ಹೆದರಿಸುವುದು ಅವನ ಊರಲ್ಲೂ ಇದ್ದ ಪದ್ಧತಿ. "ಬುಡದಲ್ಲಿ ಲೋಹ ಹುಡುಕೋ ಯಂತ್ರ ಐದು ಸಲ ಕೂಗ್ತು. ಐದು ಸಲಾನೂ ಅಗೆದೆ, ಮೊಳೆ. ಆರನೇ ಸಲ ಕೂಗಿದಾಗ ಅಗೀಲಿಲ್ಲ. ಇದೂ ಮೊಳೇನೇ ಅಂದ್ಕೊಂಡೆ." ಹೇಳುವಾಗ ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು.

ಅವನು ನೆಲ ಚುಚ್ಚುವ ಸಲಾಕೆಗೆ ಕೈ ಹಾಕಿದ. ನೆಜೊ ತಡೆದ. "ತನ್ನ ಸಾಲನ್ನ ತಾನೇ ನೋಡೋ ಹಾಗಿಲ್ಲ. ನೀವೇ ಹೇಳ್ಕೊಟ್ಟಿದ್ದು."

ನೆಜೊ ಮರದ ಬುಡದಲ್ಲಿ ಹೊಟ್ಟೆಯ ಮೇಲೆ ಮಲಗಿ ಬೆರಳಗಲ ಬೆರಳಗಲ ಚುಚ್ಚುತ್ತಾ ಹೋದ. ಮುಕ್ಕಾಲು ಗಂಟೆ. ಅಜ್ಜಿಯ ಕಾಫಿ ಆರಿತು. ಸ್ಟಿಪೆ ಹಚ್ಚದ ಸಿಗರೇಟನ್ನು ಕಚ್ಚಿ ಕಚ್ಚಿ ಹಾಳು ಮಾಡಿದ. ಮುನೀಬ್ ಹುಡುಗರ ಬುಟ್ಟಿಯನ್ನೇ ನೋಡುತ್ತಾ ನಿಂತಿದ್ದ.

ನೆಜೊ ನಿಧಾನವಾಗಿ ಬಲಗೈ ಎತ್ತಿದ. ಸಿಕ್ಕಿತ್ತು.

ಮುನೀಬ್ ಸಹಿ ಹಾಕಿದ್ದ ಕಾಗದವನ್ನು ಹರಿದ. "ಇವತ್ತು ಕಾಫಿ ಬೇಡ ಅಮ್ಮ, ಮಕ್ಕಳನ್ನ ಮನೆಗೆ ಕರ್ಕೊಂಡು ಹೋಗಿ," ಎಂದು ಕೂಗಿ ಹೇಳಿ, ಸ್ಟಿಪೆಯ ಕಡೆ ತಿರುಗಿದ. "ಇದುವರೆಗೆ ಎಷ್ಟು ಹೊಲ ಬಿಟ್ಟುಕೊಟ್ಟಿದೀವಿ?"

"ಹದಿನಾಲ್ಕು."

"ಅವುಗಳಲ್ಲಿ ನನ್ನ ಸಾಲನ್ನ ಯಾರು ನೋಡಿದ್ದಾರೆ?"

ಸ್ಟಿಪೆ ಕಣಿವೆಯ ಕಡೆ ನೋಡಿದ. ಕೆಳಗೆ, ಅವರು ಹೋದ ವಸಂತದಲ್ಲಿ ದಾಟಿ ಬಿಟ್ಟುಕೊಟ್ಟಿದ್ದ ಹೊಲದಲ್ಲಿ, ಶಾಲೆಯ ಮಕ್ಕಳು ಚೆಂಡಿನ ಹಿಂದೆ ಓಡುತ್ತಿದ್ದರು.